ಉಚಿತ ವಕೀಲರ ಕೋಣೆಯ ಐದನೆಯ ಪುಸ್ತಕ

ಜಾಲರಿ ಬಾಗಿಲ ಬೀರು ತೆಗೆದ ಗುಮಾಸ್ತೆ "ಅಯ್ಯೋ, ಹೆಸರಿನ ಪುಸ್ತಕಾನೇ ಇಲ್ಲ!" ಎಂದಾಗ ನಾನು ಬಾಗಿಲ ಬಳಿ ಕಸ ಗುಡಿಸುತ್ತಿದ್ದೆ. ವಕೀಲರಿಗೆ ಹಣ ಕೊಡಲಾಗದವರಿಗೆ ನೆರವಾಗುವ ಕೋಣೆ ನಮ್ಮದು. ವಕೀಲರು ಪುಕ್ಕಟೆ ದುಡಿಯುತ್ತಿದ್ದರು. ಬಾಡಿಗೆ, ಕಾಗದ, ಗುಮಾಸ್ತೆಯ ಸಂಬಳ, ನನ್ನ ಕೂಲಿ ಸರ್ಕಾರದ್ದು. ಆ ಖರ್ಚು ದಂಡವೋ ಹೇಗೆ ಎಂದು ನೋಡಲು ತಪಾಸಣೆಯ ಅಧಿಕಾರಿ ಹಿಂದಿನ ದಿನವೇ ಬಂದಿದ್ದರು.

"ಪುಕ್ಕಟೆ ಕೆಲಸಕ್ಕೆ ಇಷ್ಟು ದುಡ್ಡಾ? ನಾಳೆ ಹೆಸರಿನ ಪುಸ್ತಕ ಕೊಡಿ. ನೆರವು ಪಡೆದವರ ವಿಳಾಸ ಅದರಲ್ಲಿದೆಯಲ್ಲ, ಹತ್ತು ಮನೆಗೆ ನಾನೇ ಹೋಗಿ ವಿಚಾರಿಸ್ತೀನಿ. ಲೆಕ್ಕ ಸಿಗಲಿಲ್ಲ ಅಂದ್ರೆ ಕೋಣೆಗೆ ಬೀಗ," ಎಂದಿದ್ದರು. ಹಿರಿಯ ವಕೀಲರು, "ನಮ್ಮನ್ನೇನು ಕಳ್ಳರು ಅನ್ಕೊಂಡ್ರಾ?" ಎಂದು ಮೇಜು ಗುದ್ದಿ ಹೋಗಿದ್ದರು.

ಬೀರುವಿಗೆ ಮೂರು ಬೀಗದ ಕೈ: ವಕೀಲರದ್ದು, ಗುಮಾಸ್ತೆಯದ್ದು, ನನ್ನದು. ಬೀಗ ಒಡೆದಿರಲಿಲ್ಲ. ಬೆಳಿಗ್ಗೆಯೇ ಬಂದು ಕೂತಿದ್ದ ಅಧಿಕಾರಿ ನನ್ನನ್ನೇ ದುರುಗುಟ್ಟಿ ನೋಡಿದರು. ನಾನು ಮಹಡಿ ಹತ್ತಿ ಅಕ್ಕನನ್ನು ಕರೆತಂದೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನಲವತ್ತು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿ, ನಿವೃತ್ತರಾಗಿ ಮೇಲಿನ ಕೋಣೆಯಲ್ಲಿದ್ದರು. ಕಟ್ಟಡದಲ್ಲಿ ಏನು ಕಳೆದರೂ ಪತ್ತೆ ಮಾಡುವವರು ಅವರೇ. ಕನ್ನಡಕ ಒರೆಸಿಕೊಂಡು ಬೀರುವಿನೊಳಗೆ ಬಹಳ ಹೊತ್ತು ನೋಡಿದರು. ಒಂದೇ ಅಳತೆಯ, ಬೆನ್ನಿನ ಮೇಲೆ ಏನೂ ಬರೆಯದ ಐದು ಕಪ್ಪು ಪುಸ್ತಕಗಳಲ್ಲಿ ನಾಲ್ಕು ಉಳಿದಿದ್ದವು. ಹಿಂದಿನ ಸಂಜೆ ಪಕ್ಕದ ಗೋಡೆ ಕೆರೆದಿದ್ದರಿಂದ ಅವುಗಳ ಮೇಲೆ ಸುಣ್ಣದ ಪುಡಿ ಕೂತಿತ್ತು. ಐದನೆಯದಿದ್ದ ಜಾಗ ಮಾತ್ರ ಚೊಕ್ಕಟ.

ವಕೀಲರೂ ಬಂದರು. ಅಕ್ಕ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ವಕೀಲ್ರೇ, ಈ ಪುಸ್ತಕ ಯಾವತ್ತಾದ್ರೂ ಮುಟ್ಟಿದ್ದೀರಾ?"

"ನನಗ್ಯಾಕೆ? ಗುಮಾಸ್ತೆ ಒಬ್ಬೊಬ್ಬ ಕಕ್ಷಿದಾರರಿಗೂ ಒಂದು ನಂಬರಿನ ಚೀಟಿ ಕೊಡ್ತಾರೆ. ಕೆಲಸ ಮುಗಿದ ಮೇಲೆ ಎಷ್ಟು ಗಂಟೆ ಅಂತ ಬರೆದು, ಸಹಿ ಹಾಕಿ ವಾಪಸ್ ಕೊಡ್ತೀನಿ."

"ನಿನಗೆ ಓದೋಕೆ ಬರುತ್ತೇನಪ್ಪಾ?" ಎಂದು ನನ್ನತ್ತ ತಿರುಗಿದರು.

"ನನ್ನ ಹೆಸರು ಬರೀತೀನಿ ಅಕ್ಕಾ. ಅದೂ ನಿಧಾನಕ್ಕೆ."

"ಹಾಗಾದ್ರೆ ಇವನು ಕದ್ದಿದ್ರೆ ಐದನ್ನೂ ಹೊತ್ಕೊಂಡು ಹೋಗ್ಬೇಕಿತ್ತು!" ಎಂದರು ಅಕ್ಕ. ವಕೀಲರು ನಕ್ಕಾಗ ಅವರತ್ತ ತಿರುಗಿದರು. "ನೀವೇನೂ ಕಮ್ಮಿಯಿಲ್ಲ. ನೀವಾಗಿದ್ರೆ ಒಂದೊಂದೇ ಬಿಡಿಸಿ ನೋಡ್ಬೇಕಿತ್ತು. ಪುಡಿ ಬಿದ್ದ ಮೇಲೆ ಪುಸ್ತಕ ಹೋಗಿದೆ, ಇಲ್ಲದಿದ್ರೆ ಆ ಜಾಗದಲ್ಲೂ ಪುಡಿ ಇರ್ತಿತ್ತು. ಆದ್ರೆ ಉಳಿದ ನಾಲ್ಕರ ಮೇಲೆ ಒಂದು ಬೆರಳಿನ ಗುರುತೂ ಇಲ್ಲ. ತೆಗೆದವರಿಗೆ ಕಣ್ಣು ಮುಚ್ಚಿದ್ರೂ ಗೊತ್ತು, ಯಾವುದು ಅಂತ."

ಏಳು ವರ್ಷ ಆ ಬೀರು ಒರೆಸಿದವನು ನಾನು. ಆ ಬೆಳಿಗ್ಗೆ ನನಗೆ ಕಂಡದ್ದು ಬರೀ ಕಸ.

"ಈಕೆಯಾ?" ಎಂದು ಅಧಿಕಾರಿ ಗುಮಾಸ್ತೆಯತ್ತ ನೋಡಿದರು. "ಕೋಣೆ ಮುಚ್ಚಿದ್ರೆ ಮೊದಲು ಹೋಗೋದೇ ಈಕೆ ಸಂಬಳ!"

"ಅದಕ್ಕೇ ನೀವು ಆ ಕಡೆ ನೋಡ್ಲಿಲ್ಲ. ಹತ್ತು ಮನೆಗೆ ಹೋಗ್ತೀನಿ ಅಂದ್ರಲ್ಲ, ಯಾರ ಮನೆ ಅಂತ ಯೋಚನೆ ಮಾಡಿದ್ರಾ?" ಎಂದರು ಅಕ್ಕ.

ಗುಮಾಸ್ತೆ ತಲೆಯೆತ್ತಿದಳು. "ಗಂಡನಿಗೆ ಗೊತ್ತಾಗದ ಹಾಗೆ ಬಂದವರಿದ್ದಾರೆ ಸರ್. ನೀವು ತಟ್ಟಿದ್ರೆ ಬಾಗಿಲು ತೆಗೆಯೋದು ಅದೇ ಗಂಡ. ಹೆಸರು ಹೊರಗೆ ಹೋಗಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ. ಪುಸ್ತಕ ನಮ್ಮಮ್ಮನ ಹಾಸಿಗೆ ಕೆಳಗಿದೆ. ನೀವು ಹೋದ ಮೇಲೆ ತರ್ತೀನಿ."

"ನಿಮಗೆ ಬೇಕಾಗಿರೋದು ಲೆಕ್ಕ ತಾನೇ?" ಎಂದ ಅಕ್ಕ ವಕೀಲರ ಚೀಟಿಗಳಿದ್ದ ಖಾನೆ ಎಳೆದರು. ನಂಬರು, ಗಂಟೆ, ಸಹಿ, ಕೋರ್ಟಿನ ಮೊಹರು. ಹೆಸರು ಒಂದರಲ್ಲೂ ಇರಲಿಲ್ಲ. ಅಂಥ ಮೂರು ಖಾನೆ ಚೀಟಿಗಳನ್ನು ನಾನೇ ಮೇಜಿಗೆ ಸುರಿದೆ. ಎಣಿಸಿ ಮುಗಿಸುವಾಗ ಮಧ್ಯಾಹ್ನವಾಗಿತ್ತು: ನಾಲ್ಕು ಸಾವಿರದ ಮೇಲೆ ಹನ್ನೆರಡು. "ಇಷ್ಟು ಜನಾನಾ?" ಎಂದು ವಕೀಲರೇ ಬಾಯಿ ಬಿಟ್ಟರು.

ಅಧಿಕಾರಿ ಒಟ್ಟು ಖರ್ಚನ್ನು ಅದರಿಂದ ಭಾಗಿಸಿ ನೋಡಿದರು, ಮತ್ತೊಮ್ಮೆ ಭಾಗಿಸಿದರು. "ತಲೆಗೆ ಒಂದು ಜೊತೆ ಚಪ್ಪಲಿಯಷ್ಟೂ ಆಗಲ್ಲ," ಎಂದು ಗೊಣಗಿದರು. ವರದಿಯಲ್ಲಿ ಗುಮಾಸ್ತೆಯ ಹುದ್ದೆ ಬೇಡವೆಂದು ಮೊದಲೇ ಬರೆದಿಟ್ಟಿದ್ದ ಸಾಲನ್ನು ಹೊಡೆದುಹಾಕಿದರು.

"ಆದ್ರೆ ಪುಸ್ತಕ ಸಿಗಲಿಲ್ಲ ಅಂತ ಬರೀಲೇಬೇಕಲ್ಲ ಅಮ್ಮಾ."

"ಬರೀರಿ," ಎಂದರು ಅಕ್ಕ. "ಇದ್ದದ್ದು ಇದ್ದ ಹಾಗೆ."

ಅವರು ಬರೆದು ಗಟ್ಟಿಯಾಗಿ ಓದಿದರು: "ಹೆಸರಿನ ಪುಸ್ತಕವನ್ನು ಗುಮಾಸ್ತೆ ಕೊಡಲಿಲ್ಲ. ಕೊಡದೆ ಇದ್ದುದೇ ಸರಿ. ಕೋಣೆ ಮುಂದುವರಿಯಲಿ."