ಕತ್ತಿನ ಡಾಕ್ಟರ್ ಇಟ್ಟ ಪರೀಕ್ಷೆ

"ಕಣ್ಣು ಮುಚ್ಕೊಳ್ಳಿ!"

ವೇದಿಕೆಯ ಮೇಲೆ ನಿಂತು ಸಾವಿರಾರು ಜನರನ್ನು ಕುಣಿಸುವ ಗಿಟಾರ್ ವಾದಕನಿಗೆ ಹೀಗೆ ಗದರಿಸಿ ಯಾರೂ ಹೇಳಿರಲಿಲ್ಲ. ಅವನು ಗುಂಗುರು ಕೂದಲನ್ನು ಹಿಂದಕ್ಕೆ ತಳ್ಳಿ, ಕಪ್ಪು ಬಟ್ಟೆ ಹಿಡಿದು ಎದುರಿಗೆ ನಿಂತಿದ್ದವಳನ್ನು ನೋಡಿದ. ಮೂಗಿನ ತುದಿಯಲ್ಲಿ ಮರದ ಪುಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್! ಒಂದು ಕ್ಷಣ ಅವನಿಗೆ ಬಂದ ಕೆಲಸವೇ ಮರೆತುಹೋಯಿತು.

"ಯಾಕೆ, ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ. ಕಣ್ಣು ಬಿಟ್ಟರೆ ಎಲ್ಲರೂ ಚೆಂದದ ಮರಾನೇ ಆರಿಸ್ತಾರೆ. ನಮ್ಮ ವರ್ಕ್‌ಶಾಪಲ್ಲಿ ಕೈಯಿಂದ, ಕಿವಿಯಿಂದ ಆರಿಸಬೇಕು."

ಬಟ್ಟೆ ಕಟ್ಟುವಾಗ ಅವಳ ಬೆರಳು ಅವನ ಕಿವಿಗೆ ತಾಗಿತು. ಎದೆ ಧಸಕ್ಕೆಂದಿತು... ಅವನದಲ್ಲ, ಅವಳದು! ಛೇ, ಗಿರಾಕಿ ಕಣೇ ಅವನು, ಎಂದು ತನ್ನನ್ನೇ ಬೈದುಕೊಂಡಳು.

ಪರಿಚಯದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕತ್ತಿನ ಡಾಕ್ಟರ್ ಎಂದೇ. ಅಪ್ಪನ ವರ್ಕ್‌ಶಾಪಿನಲ್ಲಿ ಗಿಟಾರಿನ ಒಡಲು ಅಪ್ಪನ ಪಾಲು, ಬಣ್ಣ ಅತ್ತಿಗೆಯ ಪಾಲು, ಕತ್ತು ಇವಳ ಪಾಲು. ಎಡಗೈ ಬೆರಳುಗಳು ಓಡಾಡುವ ಆ ಉದ್ದನೆಯ ಭಾಗ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ದಂಡ ಎಂದು ಅವಳು ಯಾರ ಮುಲಾಜೂ ಇಲ್ಲದೆ ಹೇಳುತ್ತಿದ್ದಳು. ಈ ಸಲ ಬಂದದ್ದು ದೊಡ್ಡ ಕೆಲಸ. ಗುಂಗುರು ಕೂದಲಿನವನ ಸಹಿ ಹೊತ್ತು, ಅವನಿಗೆ ಒಪ್ಪಿಗೆಯಾದ ರೀತಿಯಲ್ಲೇ ತಯಾರಾಗಬೇಕಿದ್ದ ಎಲೆಕ್ಟ್ರಿಕ್ ಗಿಟಾರ್.

"ಆರು ಶನಿವಾರ ಕೊಡ್ತೀನಿ. ಅಷ್ಟರಲ್ಲಿ ಅವರು ಒಪ್ಪದಿದ್ರೆ ಕತ್ತನ್ನ ಫ್ಯಾಕ್ಟರಿಯಿಂದ ತರಿಸ್ತೀನಿ. ಆಮೇಲೆ ಮುಖ ಊದಿಸ್ಕೋಬೇಡ," ಎಂದಿದ್ದರು ಅಪ್ಪ.

"ಆರು ಯಾಕಪ್ಪಾ? ಒಂದೇ ಸಾಕು!"

ಒಂದೇ ಅಳತೆಯ ಮೂರು ಒಡಲು, ಒಂದೇ ಬಗೆಯ ತಂತಿ, ತಂತಿಯ ನಾದ ಹಿಡಿಯುವ ಪಿಕಪ್ಪೂ ಒಂದೇ. ಕತ್ತಿನ ಮರ ಮಾತ್ರ ಬೇರೆ ಬೇರೆ. ಮೊದಲು ಮೇಪಲ್ ಕೊಟ್ಟಳು. ಸ್ವರ ಚುರುಕಾಗಿ, ಕಡಕ್ಕಾಗಿ ಹೊಮ್ಮಿತು. ಆಮೇಲೆ ಮಹಾಗನಿ. ಸ್ವರ ಮೆತ್ತಗಾಗಿ, ದುಂಡಗೆ ತುಂಬಿಕೊಂಡಿತು.

ಮೂರನೆಯದು ರೋಸ್‌ವುಡ್ ಅನ್ನುತ್ತಾರಲ್ಲ, ಆ ಬೀಟೆ. ವಾರ್ನಿಷ್ ಬಳಿಯದೆ ಬರೀ ಎಣ್ಣೆ ಒರೆಸಿ ನುಣುಪು ಮಾಡಿದ್ದಳು. ಅವನ ಹೆಬ್ಬೆರಳು ಅದರ ಬೆನ್ನ ಮೇಲೆ ಎಲ್ಲೂ ತಡೆಯದೆ ಜಾರಿತು. ದಪ್ಪ ತಂತಿ ಆಳಕ್ಕಿಳಿದು ನುಡಿಯಿತು, ಸಣ್ಣ ತಂತಿ ಕಿವಿಗೆ ಚುಚ್ಚಲಿಲ್ಲ. ಅವನು ಉಸಿರು ಬಿಡುವುದನ್ನೇ ಮರೆತು ನುಡಿಸಿದ.

ಸಿಕ್ಕಿಬಿದ್ದ ನೋಡು, ಎಂದುಕೊಂಡಳು ಅವಳು.

ಅವನು ಬಟ್ಟೆ ಬಿಚ್ಚಿದ. ಅವಳ ಮುಖ ನೋಡಿದ. ತಡವರಿಸಿದ.

"ಊಹೂಂ... ಯಾವುದೂ ಪೂರ್ತಿ ಕೂರ್ತಾ ಇಲ್ಲ. ಮುಂದಿನ ಶನಿವಾರ ಬರ್ಲಾ?"

ಅವಳಿಗೆ ನಂಬಲಾಗಲಿಲ್ಲ. ಆದರೂ ಹಲ್ಲು ಕಚ್ಚಿ ತಲೆಯಾಡಿಸಿದಳು.

ಎರಡನೇ ಶನಿವಾರ ಮೇಪಲ್ಲನ್ನು ಒವನ್‌ನಲ್ಲಿ ಹದವಾಗಿ ಕಾಯಿಸಿ ಹೊಸ ಕತ್ತು ಮಾಡಿಟ್ಟಳು. ಸ್ವಲ್ಪ ದಪ್ಪ ಅಂದ. ಮೂರನೇ ಶನಿವಾರ ಮಹಾಗನಿಯನ್ನು ತೆಳುವಾಗಿ ಹೆರೆದಳು. ತೀರಾ ಸಪೂರ ಅಂದ! ಆದರೆ ಬೇಡ ಅಂದಮೇಲೂ ಹೋಗುತ್ತಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಉಳಿ ಹಿಡಿಯುವುದು ಹೇಗೆ, ಎಣ್ಣೆ ಎಷ್ಟು ದಿನ ಒಣಗಬೇಕು ಎಂದೆಲ್ಲ ಕೇಳುತ್ತಿದ್ದ. ಅವಳು ಹೇಳುತ್ತಾ ಹೇಳುತ್ತಾ ಸಂಜೆಯಾಗುತ್ತಿತ್ತು.

"ಗಿಟಾರ್ ನೋಡೋಕೆ ಬರೋನು ಗಿಟಾರ್ ಕಡೆ ತಿರುಗೂ ನೋಡಲ್ವಲ್ಲೇ!" ಅತ್ತಿಗೆ ಕಣ್ಣು ಮಿಟುಕಿಸಿದಳು.

"ಸುಮ್ನಿರಿ ಅತ್ತಿಗೆ. ನನಗೆ ಇಲ್ಲಿ ತಲೆ ಕೆಟ್ಟುಹೋಗಿದೆ."

ನಿಜಕ್ಕೂ ಕೆಟ್ಟಿತ್ತು. ಐದನೇ ಶನಿವಾರವೂ ಅವನು ತಲೆಯಲ್ಲಾಡಿಸಿ ಹೋದ ಮೇಲೆ ಅವಳು ಬೀಟೆಯ ಕತ್ತನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಎಲ್ಲಿ ತಪ್ಪಿದೆ? ಎಲ್ಲೂ ತಪ್ಪಿಲ್ಲ! ಹಾಗಾದರೆ ನನ್ನ ಕೈಯೇ ಕೆಟ್ಟಿತೇ? ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ತನ್ನ ಕೈಯ ಮೇಲೆ ಅನುಮಾನ ಬಂತು. ಅಳು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಒಂದು ಉಪಾಯವೂ ಹೊಳೆಯಿತು.

ಆರನೇ ಶನಿವಾರ ಅದೇ ಬೀಟೆಯ ಕತ್ತಿಗೆ ಹೊಸ ಎಣ್ಣೆ, ಹೊಸ ಬಿರಡೆ, ಹೊಸ ನಂಬರು ಚೀಟಿ. "ಹೊಸದು," ಎಂದು ಅವನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗಿಟ್ಟಳು.

ಅವನು ನುಡಿಸಿದ. ತುಟಿಯಂಚಿನಲ್ಲಿ ನಗು ಬಂದು ಮಾಯವಾಯಿತು. "ಮೊದಲ ದಿನದ ಮೂರಕ್ಕಿಂತ ಇದು ವಾಸಿ. ಆದ್ರೂ... ಇನ್ನೊಂದೇ ಒಂದು ವಾರ?"

ಅವಳು ಬಟ್ಟೆಯನ್ನು ಸರಕ್ಕನೆ ಎಳೆದಳು.

"ಆ ಮೂರರಲ್ಲೇ ಇದೂ ಒಂದು ಸ್ವಾಮಿ! ಮರದ ಗುರುತೇ ಸಿಗದವರ ಮಾತು ಕೇಳ್ಕೊಂಡು ಆರು ವಾರ ಕೈ ಸವೆಸಿದೆನಲ್ಲ, ನನ್ನ ಬುದ್ಧಿಗಿಷ್ಟು! ನಡೀರಿ ಆಚೆ!"

"ಒಂದ್ನಿಮಿಷ, ನಾನು ಹೇಳೋದು..."

"ಏನೂ ಹೇಳ್ಬೇಡಿ. ಅಪ್ಪ ಫ್ಯಾಕ್ಟರಿಗೆ ಫೋನ್ ಮಾಡ್ತಿದಾರೆ. ಅಲ್ಲಿ ಹೋಗಿ ಸಹಿ ಹಾಕಿ."

ಅವನು ಮುಖ ಸಣ್ಣದು ಮಾಡಿಕೊಂಡು ಹೊರಬಿದ್ದ. ಬಾಗಿಲಲ್ಲಿ ಬಣ್ಣದ ಕುಂಚ ತೊಳೆಯುತ್ತಿದ್ದ ಅತ್ತಿಗೆಯನ್ನು ಕೇಳಿದ, "ಫ್ಯಾಕ್ಟರಿ ಯಾಕೆ?" ಅತ್ತಿಗೆ ಮಾವನ ಆರು ವಾರದ ಗಡುವನ್ನು ಹೇಳಿದಳು. ಅವನ ಬಣ್ಣವೇ ಇಳಿದುಹೋಯಿತು.

ಎರಡೇ ನಿಮಿಷ. ಅವನು ಮತ್ತೆ ಒಳಗೆ ನುಗ್ಗಿ, ಕಪ್ಪು ಬಟ್ಟೆ ಎತ್ತಿ ತಾನೇ ಕಟ್ಟಿಕೊಂಡ.

"ಎಲ್ಲಾ ಕತ್ತೂ ಕೊಡಿ. ನಿಮಗೆ ಬೇಕಾದ ಹಾಗೆ ಕಲೆಸಿ ಕೊಡಿ."

"ನಾಟಕ ಸಾಕು."

"ಕೊಡಮ್ಮಾ, ನೋಡೇಬಿಡೋಣ," ಎಂದರು ಅಪ್ಪ, ಫೋನನ್ನು ಕಿವಿಯಿಂದ ಇಳಿಸದೆ.

ಅವಳು ಒಂದೊಂದಾಗಿ ಕೊಟ್ಟಳು. ಅವನು ತಂತಿ ಮೀಟಲೂ ಇಲ್ಲ, ಬರೀ ಸವರಿದ.

"ಇದು ಎರಡನೇ ವಾರದ್ದು, ಕಾಯಿಸಿದ ಮೇಪಲ್. ಇದು ಮೂರನೇ ವಾರದ ಮಹಾಗನಿ, ದಪ್ಪ ಸರಿಯಾಗೇ ಇತ್ತು. ಮತ್ತೆ ಇದು..." ಅವನ ಕೈ ನಿಂತಿತು. "ಇದು ಬೀಟೆ. ಮೊದಲ ದಿನದ್ದೂ ಇದೇ, ಇವತ್ತಿಂದೂ ಇದೇ. ಐದನೇ ಫ್ರೆಟ್ ಪಟ್ಟಿಯ ಹಿಂದೆ ಕೂದಲೆಳೆಯಷ್ಟು ಜಾಸ್ತಿ ಉಜ್ಜಿದೀರಿ. ನನ್ನ ಹೆಬ್ಬೆರಳು ಅಲ್ಲಿ ಹೋಗಿ ಕೂತ್ರೆ ಏಳೋದೇ ಇಲ್ಲ ಅನ್ನುತ್ತೆ."

"ಮತ್ತೆ... ಸುಳ್ಳು ಯಾಕೆ ಹೇಳಿದಿರಿ?"

"ಮೊದಲ ದಿನಾನೇ ಹೂಂ ಅಂದಿದ್ರೆ, ಎರಡನೇ ಶನಿವಾರ ಬರೋಕೆ ನನಗೆ ನೆಪ ಎಲ್ಲಿತ್ತು?"

ಅವಳಿಗೆ ನಗಬೇಕೆನಿಸಿತು, ಆದರೆ ನಗಲಿಲ್ಲ.

"ನಿಮಗದು ನೆಪ. ನನಗೆ ಬದುಕು! ನನ್ನ ಕೈ ಕೆಟ್ಟುಹೋಯ್ತು ಅಂತ ಕೂತು ಅತ್ತಿದೀನಿ, ಗೊತ್ತಾ?"

ಅವನು ಮೆಲ್ಲಗೆ ಬಟ್ಟೆ ಬಿಚ್ಚಿದ. ಅವನ ಕಣ್ಣೂ ತುಂಬಿತ್ತು. "ಗಡುವು ಇದೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ದಿದ್ರೂ ತಪ್ಪು ತಪ್ಪೇ. ನಿಮ್ಮ ಕೈಯಷ್ಟು ಸರಿಯಾದ ಕೈ ನಾನು ಎಲ್ಲೂ ನೋಡಿಲ್ಲ. ಕ್ಷಮಿಸಿ." ಅಪ್ಪನ ಕಡೆ ತಿರುಗಿದ. "ನನಗೆ ಈ ಕತ್ತೇ ಬೇಕು. ಬೇರೆ ಯಾವುದಕ್ಕೂ ಸಹಿ ಹಾಕಲ್ಲ."

ಅಪ್ಪ ಫೋನಿಗೆ, "ಬೇಡಪ್ಪಾ, ಕತ್ತು ಮನೇಲೇ ಇತ್ತು," ಎಂದು ಇಟ್ಟರು.

"ಮಾವ, ಬಣ್ಣದ ಡಬ್ಬಿ ತರೋಣ ಬನ್ನಿ," ಎಂದಳು ಅತ್ತಿಗೆ.

"ಡಬ್ಬಿ ಇಲ್ಲೇ ಇದೆಯಲ್ಲಮ್ಮಾ?"

"ಬನ್ನಿ ಮಾವಾ!"

ಇಬ್ಬರೇ ಉಳಿದರು. ಅವಳು ಕಣ್ಣೊರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು.

"ನನ್ನ ಕೆಲಸದ ಬಗ್ಗೆ ಇನ್ನೊಂದು ಸಲ ಸುಳ್ಳು ಹೇಳಿದ್ರೆ?"

"ಹೇಳಲ್ಲ. ನಿಮ್ಮಾಣೆ."

"ಸರಿ. ಈಗ ನಿಜ ಹೇಳಿ. ಕತ್ತು ಸಿಕ್ಕಾಯ್ತಲ್ಲ, ಮುಂದಿನ ಶನಿವಾರ ಯಾಕೆ ಬರ್ತೀರಿ?"

"ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ. ಗಿಟಾರ್ ಕೂಡ ತರಲ್ಲ."

ಅವಳು ಅವನ ಎಡಗೈಯನ್ನು ಹಿಡಿದುಕೊಂಡಳು. ತಂತಿಗೆ ಸವೆದು ಗಟ್ಟಿಯಾದ ಬೆರಳತುದಿಗಳು ಅವಳ ಅಂಗೈಯಲ್ಲಿ ಒರಟೊರಟಾಗಿದ್ದವು.

"ಶನಿವಾರದ ತನಕ ಕಾಯೋಕೆ ನನ್ನ ಕೈಲಾಗಲ್ಲ. ನಾಳೆನೇ ಬಾ."

"ಏನಂದ್ರಿ... ಬಾ ಅಂದ್ರಾ?"

"ಹೂಂ ಕಣೋ. ಬಾ ಅಂದೆ."