ಗಂಟೆಗೆ ಅರವತ್ತೆರಡು ಕಾಲರ್

ಆ ಮನುಷ್ಯನ ಕೈಯಲ್ಲಿದ್ದ ಸ್ಟಾಪ್‌ವಾಚ್ ಕಿತ್ತು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿದ್ದು ನೋಟಿಸ್ ಬೋರ್ಡ್ ಓದಿದಾಗ. ಅದಕ್ಕೆ ಎರಡು ದಿನ ಮುಂಚೆ ಅದೇ ಮನುಷ್ಯ ನನ್ನ ಮೆಷಿನ್ ಪಕ್ಕ ನಿಂತಿದ್ದಾಗ, ನಾಚಿಕೆ ಬಿಟ್ಟು ಹೇಳ್ತೀನಿ, ನನಗೆ ಬಹಳ ಖುಷಿಯಾಗಿತ್ತು.

ನಾನು ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯೋಳು. ಒಂಬತ್ತು ವರ್ಷ ಆಯ್ತು. ಕಾಲರ್ ಮೂಲೆ ಚೂಪಾಗಿ ತಿರುಗಿತು ಅಂದ್ರೆ ಒಂದು ಸಲ ಬೆರಳಲ್ಲಿ ಸವರಿ ನೋಡದೆ ಮುಂದಕ್ಕೆ ತಳ್ಳಿದವಳಲ್ಲ. ಸಾಲಿನವರು ನನಗಿಟ್ಟ ಹೆಸರು ಮೆಣಸಿನಕಾಯಿ. ಯಾಕೆ ಅಂತ ಈಗ ನಿಮಗೇ ಗೊತ್ತಾಗುತ್ತೆ.

ಎರಡು ತಿಂಗಳ ಹಿಂದೆ ಸ್ಟಾಪ್‌ವಾಚ್ ಹಿಡಿದು ಕೆಲಸಕ್ಕೆ ಬಂದ ಅವನನ್ನು ಎಲ್ಲರೂ ಗಡಿಯಾರ ಅಂತಿದ್ದರು. ಒಂದು ಕಾಲರ್‌ಗೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅಂತ ಅವನು ಅಳೆದು ಬರೆದರೆ, ಅದರ ಮೇಲೆ ನಮ್ಮೆಲ್ಲರ ಟಾರ್ಗೆಟ್ ನಿಗದಿ.

"ಮಾಮೂಲಿಯಾಗಿ ಹೊಲಿಯಿರಿ. ನಾನು ಇಲ್ಲಿಲ್ಲ ಅಂದ್ಕೊಳ್ಳಿ," ಅಂದ ಆ ದಿನ ನನ್ನ ಮೆಷಿನ್ ಪಕ್ಕ ನಿಂತು.

"ಇಷ್ಟುದ್ದ ಮನುಷ್ಯನ್ನ ಇಲ್ಲ ಅಂದ್ಕೊಳ್ಳೋಕೆ ನನಗೇನು ಕಣ್ಣಿಲ್ವಾ?"

ನಗು ತಡೆಯೋಕೆ ಪೆನ್ ಕಚ್ಚಿದ. ಪೆನ್ ಲೀಕ್ ಆಗಿ ಕೆಳತುಟಿ ನೀಲಿಯಾಯ್ತು. ನಾನು ಹೇಳಲಿಲ್ಲ. ಇರಲಿ, ಚೆನ್ನಾಗಿದೆ ಅಂದ್ಕೊಂಡೆ.

ಅವನು ವಾಚ್ ಒತ್ತಿದ. ಅವನು ನೋಡ್ತಿದ್ದಾನೆ ಅನ್ನೋದೇ ಸಾಕಾಯ್ತು, ನನ್ನ ಕೈಗೆ ರೆಕ್ಕೆ ಬಂತು. ಪಕ್ಕಕ್ಕೆ ತಿರುಗಲಿಲ್ಲ, ನೀರು ಕುಡೀಲಿಲ್ಲ, ದಾರ ಒಂದು ಸಲವೂ ತುಂಡಾಗಲಿಲ್ಲ.

"ನಿಮ್ಮ ಕೈ..." ಅಂದ ಕೊನೆಗೆ.

"ಕೈಗೇನಾಗಿದೆ?"

"ಏನಿಲ್ಲ. ನೋಡ್ತಾ ಇದ್ದರೆ ವಾಚ್ ನಿಲ್ಲಿಸೋದೇ ಮರೆತುಹೋಗುತ್ತೆ."

ಆ ಸಂಜೆ ಮನೆಯಲ್ಲಿ ಅಮ್ಮ ಎರಡು ಸಲ ಕೇಳಿದಳು, ಗೋಡೆ ನೋಡ್ಕೊಂಡು ಯಾಕೆ ನಗ್ತೀಯಾ ಅಂತ.

ಎರಡು ದಿನ ಬಿಟ್ಟು ನೋಟಿಸ್ ಬಂತು. ಕಾಲರ್, ಗಂಟೆಗೆ ನಲವತ್ತೈದು ಇದ್ದದ್ದು ಇನ್ನು ಮುಂದೆ ಅರವತ್ತೆರಡು. ಸತತ ಮೂರು ದಿನ ಮುಟ್ಟದವರಿಗೆ ಕೆಲಸ ಇಲ್ಲ.

ಕಾಲರ್ ಹೊಲಿಯೋ ಉಳಿದ ನಾಲ್ವರೂ ನನ್ನ ಕಡೆ ತಿರುಗಿದರು. "ನಿನ್ನ ಚೆಲ್ಲಾಟಕ್ಕೆ ನಮ್ಮ ಸೊಂಟ ಮುರೀಬೇಕೇನೇ?" ಅಂದಳು ಹಿಂದಿನ ಮೆಷಿನ್ನಿನವಳು. ಪಕ್ಕದ ಮೆಷಿನ್ನಿನ ಅಕ್ಕ ಮಾತ್ರ ಕಾಲರ್ ಎತ್ತಿಕೊಂಡು ಹೊಲಿಯೋಕೆ ಕೂತಳು. ನನಗೆ ಸೂಜಿಗೆ ದಾರ ಹಾಕೋದು ಕಲಿಸಿದವಳು ಅವಳು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಹೊಲಿಯೋಳು. ಬೈದಿದ್ದರೆ ವಾಸಿ ಇತ್ತು.

ಮೊದಲ ದಿನ ಅಕ್ಕ ನಲವತ್ತೆಂಟು ಮುಟ್ಟಿದಳು. ಟಾಯ್ಲೆಟ್‌ಗೆ ಏಳಬಾರದು ಅಂತ ನೀರು ಕುಡಿಯೋದು ಬಿಟ್ಟಳು. ಎರಡನೇ ದಿನ ನಲವತ್ತಮೂರು. ಹೆದರಿದಷ್ಟೂ ಕೈ ಸೋಲುತ್ತೆ, ಇದು ಆಫೀಸಲ್ಲಿ ಕೂತವರಿಗೆ ಎಲ್ಲಿ ಗೊತ್ತು? ನನ್ನಿಂದಲೂ ಐವತ್ತು ದಾಟಲಿಲ್ಲ. ಮೂಲೆ ಸವರೋದು ಬಿಟ್ಟೆ. ಸರಿಯಿಲ್ಲ ಅಂತ ಹತ್ತು ಪೀಸ್ ವಾಪಸ್ ಬಂದವು, ನೋಡಿ ನನಗೆ ಏನೂ ಅನ್ನಿಸಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಊಟದ ಹೊತ್ತಿಗೆ ಕಟಿಂಗ್ ಸೆಕ್ಷನ್‌ನಲ್ಲಿ ಅವನನ್ನು ಹಿಡಿದೆ.

"ಏಯ್ ಗಡಿಯಾರ! ನಿಂತ್ಕೋ! ಯಾವ ಬಾಯಲ್ಲಿ ಅರವತ್ತೆರಡು ಅಂದೆ?"

"ನೀವು ಹೊಲಿದದ್ದನ್ನೇ ಬರೆದೆ. ಅಳೆಯೋದಷ್ಟೇ ನನ್ನ ಕೆಲಸ."

"ನಾನು ಹೊಲಿದದ್ದು ನಿನಗೋಸ್ಕರ ಕಣೋ ಪೆದ್ದ! ಫ್ಯಾಕ್ಟರಿಗಲ್ಲ!"

ಬಟ್ಟೆ ಕತ್ತರಿಸ್ತಿದ್ದ ಮೆಷಿನ್ ನಿಂತಿತು. ಹನ್ನೆರಡು ಜನ ನನ್ನನ್ನೇ ನೋಡಿದರು. ಬಾಯಿಂದ ಬಿದ್ದ ಮಾತು ಹೆಕ್ಕಿಕೊಳ್ಳೋಕೆ ಆಗುತ್ತಾ? ಅವನ ಕಿವಿ ಕೆಂಪಾಯ್ತು.

"ನಾಳೆ ಅಕ್ಕನಿಗೆ ಮೂರನೇ ದಿನ," ಅಂದೆ. "ಅವಳ ಕೆಲಸ ಹೋಯ್ತೋ, ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ."

ಮಾರನೇ ಬೆಳಗ್ಗೆ ಮ್ಯಾನೇಜರ್ ಒಂದು ಕಾಗದ ಹಿಡಿದು ಸಾಲಿಗೆ ಬಂದರು. ಹಿಂದೆ ತಲೆ ತಗ್ಗಿಸಿ ಅವನು. ನಾಚಿಕೆಪಡಿಸಬೇಕು ಅಂತಲೇ ಇರಬೇಕು, ಮ್ಯಾನೇಜರ್ ಗಟ್ಟಿಯಾಗಿ ಓದಿದರು:

"ಅಳತೆ ರದ್ದು ಮಾಡಲು ಕಾರಣ. ಅಂದು ಹೊಲಿಯುವವರು ಮಾಮೂಲಿ ವೇಗದಲ್ಲಿ ಇರಲಿಲ್ಲ. ಅಳೆಯುವವನೂ ಮಾಮೂಲಿ ಸ್ಥಿತಿಯಲ್ಲಿ ಇರಲಿಲ್ಲ. ನನಗೆ ಅವರೆಂದರೆ ತುಂಬಾ ಇಷ್ಟ. ಅವರ ಮೆಷಿನ್ ಅಳೆಯಲು ನಾನು ಅರ್ಹನಲ್ಲ."

ಸಾಲಿಡೀ ಘೊಳ್ಳೆಂದಿತು. "ಇದೇನು ಫ್ಯಾಕ್ಟರಿನಾ, ಮದುವೆ ಮನೆನಾ?" ಅಂತ ಗದರಿದ ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಇದು ನಿಜವೇನಮ್ಮಾ?"

ಇಲ್ಲ ಅಂದಿದ್ದರೆ ನನ್ನ ಮಾನ ಉಳೀತಿತ್ತು. ಅಕ್ಕ ಕೈಗೆ ಸುತ್ತಿದ ಪಟ್ಟಿಯನ್ನೇ ನೋಡ್ತಾ ಕೂತಿದ್ದಳು.

"ನಿಜ," ಅಂದೆ. "ಆ ಅರವತ್ತೆರಡು ಬರೀ ಬಡಿವಾರ. ನನ್ನಿಂದಲೇ ಇನ್ನೊಂದು ಸಲ ಆಗಲ್ಲ. ಬೇರೆಯವರ ಕೈಲಿ ಅಳೆಸಿ. ನನ್ನೊಬ್ಬಳನ್ನಲ್ಲ, ಐದೂ ಜನರನ್ನ."

ಅಳೆದದ್ದು ಸ್ಟೋರಿನ ತಾತ. ಆಕಳಿಸ್ತಾ ನಿಂತಿದ್ದ ಅವರನ್ನು ಮೆಚ್ಚಿಸೋ ಆಸೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸರಾಸರಿ ನಲವತ್ತಾರು ಬಂತು. ಮಧ್ಯಾಹ್ನದೊಳಗೆ ನೋಟಿಸ್ ಇಳಿಯಿತು. ಅಕ್ಕ ಒಂದೇ ಉಸಿರಿಗೆ ಒಂದು ಬಾಟಲಿ ನೀರು ಕುಡಿದಳು.

ಗಡಿಯಾರನ ವಾಚ್ ಕಿತ್ತುಕೊಂಡು ಅವನನ್ನು ಪ್ಯಾಕಿಂಗ್‌ ಸೆಕ್ಷನ್‌ಗೆ ಹಾಕಿದರು. ಊಟದ ಹೊತ್ತಿಗೆ ಹೋದೆ. ಸಿಟ್ಟು ಇನ್ನೂ ಇತ್ತು.

"ಯಾರು ಹೇಳಿದ್ದು ಹಾಗೆ ಬರೀ ಅಂತ? ನನ್ನ ಮಾನ ಹರಾಜಾಯ್ತು!"

"ಕಟಿಂಗ್ ಸೆಕ್ಷನ್‌ನಲ್ಲಿ ಕೂಗಿದ್ದು ನೀವು. ನಾನು ಬರೆದು ಸಹಿ ಹಾಕಿದೆ, ಅಷ್ಟೆ."

"ಆಫೀಸ್ ಕೆಲಸ ಹೋಯ್ತಲ್ಲ, ಬೇಜಾರಿಲ್ವಾ?"

"ಜನರ ಬೆನ್ನ ಹಿಂದೆ ನಿಂತು ಸೆಕೆಂಡ್ ಎಣಿಸೀ ಎಣಿಸೀ ಅನ್ನ ಸೇರ್ತಿರಲಿಲ್ಲ. ಇವತ್ತು ಡಬ್ಬಿ ಪೂರ್ತಿ ಖಾಲಿ ಮಾಡಿದೆ." ಒಂದು ಶರ್ಟ್ ಎತ್ತಿ ಕಾಲರ್ ಮೂಲೆ ಸವರಿದ. "ಇದು ನೀವು ಹೊಲಿದದ್ದು."

"ಅದು ಹೇಗೆ ಗೊತ್ತು?"

"ಎರಡು ತಿಂಗಳು ಇನ್ನೇನು ನೋಡ್ತಿದ್ದೆ ಅಂದ್ಕೊಂಡ್ರಿ?"

ಬೈಯೋಕೆ ಅಂತಲೇ ಬಂದಿದ್ದೆ. ಅವನ ಪಕ್ಕದ ಪೆಟ್ಟಿಗೆ ಮೇಲೆ ಕೂತೆ. "ಇನ್ನು ಮೇಲೆ ನೀವು ಗೀವು ಬೇಡ," ಅಂದೆ. "ಪೆದ್ದ ಅಂತ ಕರೆದವಳಿಗೆ ಯಾಕೆ ಬಹುವಚನ?"

ಆ ದಿನ ಐದು ನಿಮಿಷ ತಡವಾಗಿ ಮೆಷಿನ್‌ಗೆ ವಾಪಸ್ ಬಂದೆ.

"ಎಲ್ಲೇ ಹೋಗಿದ್ದೆ?" ಅಂದಳು ಅಕ್ಕ.

"ನಿನ್ನ ಕೆಲಸ ನೀನು ನೋಡ್ಕೋ," ಅಂದೆ. ಅವಳು ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಕಾಲರ್ ಮೂಲೆ ತಿರುಗಿಸಿ, ಬೆರಳಲ್ಲಿ ಒಂದು ಸಲ ಸವರಿ, ಮುಂದಕ್ಕೆ ತಳ್ಳಿದೆ.