ಗುರುತು ಹಿಡಿಯದ ಮಾವ

"ಅಕ್ಕಾರ, ಒಂಚೂರು ದಾರಿ ಬಿಡ್ರಿ!"

ಪ್ರಮಿಳಾ ತಟ್ಟನೆ ತಿರುಗಿದಳು. ಆ ದನಿ... ಅಮರ! ಖಾನಾಪುರದ ಸೋದರಮಾವನ ಮಗ. ನಿಶ್ಚಯವಾಗಿದ್ದ ಮದುವೆಯನ್ನು ಹೋದ ವರ್ಷ ಮುರಿದುಕೊಂಡವನು. ಇವತ್ತು ಬೆಳಗಾವಿಯ ಕಣ್ಣಾಸ್ಪತ್ರೆಯಲ್ಲಿ ಎದುರಿಗೇ ಬಂದು, ಯಾರೋ ಏನೋ ಎಂಬಂತೆ ಅಕ್ಕಾ ಎನ್ನುತ್ತಾನಲ್ಲ!

ಪ್ರಮಿಳಾಳದು ಕಣ್ಣಿನ ಮುಂಪೊರೆ ಕಾರ್ನಿಯಾ ಮಂಜಾಗುವ ರೋಗ, ಮನೆತನದಲ್ಲೇ ಬಂದದ್ದು ಎಂದು ಡಾಕ್ಟರು ಹೇಳಿದ ವಾರದಲ್ಲೇ ಅವನ ತಾಯಿ ಕಾಡವ್ವ ಹೇಳಿ ಕಳಿಸಿದ್ದಳು: "ಕುರುಡಿ ಸೊಸಿ ನಮಗ ಬ್ಯಾಡ." ಆಮೇಲೆ ಯಾರೋ ಪುಣ್ಯಾತ್ಮರು ಸತ್ತ ಮೇಲೆ ದಾನವಾಗಿ ಬಂದ ಕಾರ್ನಿಯಾ ಹೊಲಿದು, ಪ್ರಮಿಳಾಳ ಒಂದು ಕಣ್ಣಿಗೆ ಬೆಳಕು ಬಂದಿತ್ತು. ಇವತ್ತು ಆ ಹೊಲಿಗೆ ತೋರಿಸಲು ಬಂದಿದ್ದಳು.

"ಈಗ ನಾ ನಿನಗ ಅಕ್ಕ ಆದ್ನೇನು? ನಾಚಿಕಿ ಬರೂದಿಲ್ಲ?"

ಅಮರ ಗಕ್ಕನೆ ನಿಂತ. "ಪಮ್ಮೀ...? ನೀನ ಏನು?" ಎನ್ನುತ್ತಾ, ಟ್ಯೂಬ್‌ಲೈಟಿಗೆ ಕೈ ಅಡ್ಡ ಹಿಡಿದು, ಅವಳ ಮುಖ ಬಿಟ್ಟು ಗೋಡೆಯತ್ತ ನೋಡಿದ.

ಅಯ್ಯೋ ದೇವರೇ! ಅವನ ಎರಡೂ ಕಣ್ಣಿನಲ್ಲಿ ಬೂದು ಮಂಜು. ಅವಳು ಕನ್ನಡಿಯಲ್ಲಿ ಕಂಡು ಅತ್ತಿದ್ದ ಅದೇ ಮಂಜು...

"ನಿನಗೂನಾ ಮಾವಾ? ಯಾವಾಗಿಂದ?"

"ಬಳಗದವರೂ ತೋರಿಸ್ಕೋರಿ ಅಂದಿದ್ರಲ್ಲ ಡಾಕ್ಟರು... ಆವಾಗ ಗೊತ್ತಾತು. ಇಬ್ಬರಿಗೂ ಐತಿ ಅಂದ್ರ ಹುಟ್ಟೋ ಮಕ್ಕಳಿಗೆಲ್ಲಾ ಬರತೈತಂತ. ನಿನಗ ತಾಯಿ ಆಗೋ ಆಸೆ ಎಷ್ಟೈತಿ ಅಂತ ನನಗ ಗೊತ್ತಿಲ್ಲೇನು? ಅವ್ವನ ಬಾಯಿಲೆ ಆ ಸುಡುಗಾಡ ಮಾತು ನಾನ ಹೇಳಿಸಿದೆ. ನನ್ನ ಬೈಕೋತ ಬ್ಯಾರೇದವರನ್ನ ಲಗ್ನ ಆಗ್ತಿ ಅಂದ್ಕೊಂಡೆ."

ಸಂಬಂಧ ಕೈತಪ್ಪಬಾರದೆಂದು ಬಳಗದೊಳಗೇ ಹೆಣ್ಣು ಕೊಟ್ಟು ತಂದ ಹಿರಿಯರು, ಹೊಲದ ಜೊತೆ ಈ ಕತ್ತಲೆಯನ್ನೂ ಹಂಚಿಕೊಟ್ಟಿದ್ದರು. ಅನುಭವಿಸುವ ಸರದಿ ಇವರದು!

"ನನ್ನ ಒಂದು ಮಾತು ಕೇಳಬೇಕಾಗಿತ್ತು ನೀನು!"

ಅವಳಿಗೆ ಅಳು ಉಕ್ಕಿತು. ಹೊಲಿದ ಕಣ್ಣನ್ನು ಉಜ್ಜುವಂತಿರಲಿಲ್ಲ, ಹರಿಯಲು ಬಿಟ್ಟಳು. ಒಂದು ವರ್ಷ ಯಾರನ್ನು ಶಪಿಸಿದ್ದಳೋ ಅವನ ಮೇಲೆ ಈಗ ಸಿಟ್ಟೂ ಬಂತು, ಪ್ರೀತಿಯೂ ಬಂತು.

ನರ್ಸ್ ಬಾಗಿಲಿಂದ ಕೂಗಿದಳು. "ಅಮರ ಅಂದ್ರ ಯಾರ್ರಿ? ಆಪರೇಷನ್‌ಗೆ ಬರ್ರಿ. ನಿಮ್ಮ ಕೂಡ ಯಾರದಾರ?"

"ಅವ್ವ ಸಂಜಿಗೆ ಬರ್ತಾಳ್ರಿ. ಈಗ ಯಾರೂ ಇಲ್ಲ."

"ನಾ ಅದೀನ್ರಿ," ಎಂದಳು ಪ್ರಮಿಳಾ, ಅವನ ಕೈ ಹಿಡಿದು.

"ನೀವು ಇವರಿಗೆ ಏನಾಗಬೇಕು?"

"ಹೆಂಡತಿ ಆಗಾಕಿ."

ಅಮರ ಕೈ ಬಿಡಿಸಿಕೊಳ್ಳಲು ನೋಡಿದ. "ಹುಚ್ಚಿ ಅದಿ ಏನು? ನಮ್ಮ ಮನ್ಯಾಗ ತೊಟ್ಟಿಲ ಕಟ್ಟಾಕ ಆಗೂದಿಲ್ಲ, ಪಮ್ಮೀ..."

ಅವಳು ಕನಸು ಕಂಡದ್ದೇ ಆ ತೊಟ್ಟಿಲನ್ನು. ಆದರೂ ಕೈ ಬಿಡಲಿಲ್ಲ.

"ಗೊತ್ತೈತಿ ಮಾವಾ. ಇಲ್ಲಿ ಹೊಸ್ತಿಲ ಐತಿ... ಕಾಲ ಎತ್ತಿಡು."